ಬೂದು ಬಣ್ಣವನ್ನು ನಿಮ್ಮ ನೆಲದ ಪಕ್ಕದಲ್ಲಿಟ್ಟು ಆರಿಸಿ

ಒಳಗೋಡೆಗೆ ಬೂದು ಬಣ್ಣ ಬೇಕೆನ್ನುವವರ ಸಂಖ್ಯೆ ಈಚೆಗೆ ಹೆಚ್ಚಾಗಿದೆ. ಒಳಾಂಗಣ ವಿನ್ಯಾಸಕ್ಕಾಗಿ ನನ್ನ ಬಳಿಗೆ ಬರುವ ಅನೇಕರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, ನಮ್ಮ ಹಾಲ್‌ಗೂ ಇದೇ ಬಣ್ಣ ಬರಲಿ ಎನ್ನುತ್ತಾರೆ. ಆ ಚಿತ್ರದ ಕೋಣೆಯಲ್ಲಿ ಸಾಮಾನ್ಯವಾಗಿ ತಿಳಿಬಣ್ಣದ ಮರದ ನೆಲ, ಗೋಡೆಯಗಲದ ಕಿಟಕಿ, ಚಳಿದೇಶದ ಮೋಡ ಕವಿದ ಹಗಲು ಇರುತ್ತವೆ. ನಮ್ಮ ಮನೆಗಳಲ್ಲಿ ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್, ತೇಗದ ಬಾಗಿಲು, ಸಜ್ಜದ ಕೆಳಗೆ ಅಡಗಿದ ಕಿಟಕಿ, ಸಂಜೆಯಾದೊಡನೆ ಹೊತ್ತಿಕೊಳ್ಳುವ ಬಿಳಿ ಎಲ್‌ಇಡಿ ಟ್ಯೂಬ್ ಇರುತ್ತವೆ. ಡಬ್ಬಿಯಲ್ಲಿರುವ ಬಣ್ಣ ಒಂದೇ ಆದರೂ ಈ ಎರಡು ಕೋಣೆಗಳಲ್ಲಿ ಅದು ಒಂದೇ ರೀತಿ ಕಾಣುವುದಿಲ್ಲ. ಆದ್ದರಿಂದ ಶೇಡ್ ಕಾರ್ಡ್ ಬಿಡಿಸುವ ಮೊದಲು ನೆಲವನ್ನೂ ದೀಪವನ್ನೂ ಗಮನಿಸಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಅಂಗಡಿಯ ಟಿಂಟಿಂಗ್ ಮೆಷಿನ್ ಬೂದು ಬಣ್ಣವನ್ನು ಹೇಗೆ ತಯಾರಿಸುತ್ತದೆ ಎಂದು ತಿಳಿದರೆ ಇದರ ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಟೈಟಾನಿಯಂ ಡೈಆಕ್ಸೈಡ್ ಇರುವ ಬಿಳಿ ಬೇಸ್‌ಗೆ ಮೆಷಿನ್ ಸ್ವಲ್ಪ ಕಪ್ಪನ್ನು ಹಾಕುತ್ತದೆ. ಅದರ ಜೊತೆಗೆ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ನೀಲಿ ಅಥವಾ ಹಸಿರಿನ ಕೆಲವೇ ಹನಿಗಳು ಸೇರುತ್ತವೆ. ದೀಪದ ಮಸಿಯಂಥ ಕಪ್ಪನ್ನು ಬಿಳಿಗೆ ಬೆರೆಸಿದರೆ ಬರುವ ಬೂದು ತಾನಾಗಿಯೇ ನೀಲಿಯ ಕಡೆಗೆ ವಾಲುತ್ತದೆ. ಅದನ್ನು ಸರಿದೂಗಿಸಲು ಹಾಕುವ ಹಳದಿ ಅಥವಾ ಕೆಂಪು ಸ್ವಲ್ಪ ಹೆಚ್ಚು ಕಡಿಮೆಯಾದರೂ ಒಳಛಾಯೆ ಬದಲಾಗುತ್ತದೆ. ಹೀಗಾಗಿ ಯಾವ ಛಾಯೆಯೂ ಇಲ್ಲದ ಶುದ್ಧ ಬೂದು ಮನೆಯ ಗೋಡೆಯಲ್ಲಿ ಸಿಗುವುದು ಅಪರೂಪ. ನೀಲಿ, ಹಸಿರು, ನೇರಳೆ, ಕಂದು, ಇವುಗಳಲ್ಲಿ ಒಂದು ಅದರೊಳಗೆ ಅಡಗಿಯೇ ಇರುತ್ತದೆ. ಶೇಡ್ ಕಾರ್ಡಿನ ಬೆರಳಗಲದ ಚೌಕದಲ್ಲಿ ಕಾಣದ ಆ ಛಾಯೆ ಹತ್ತು ಅಡಿ ಎತ್ತರದ ಗೋಡೆಯಲ್ಲಿ ಎದ್ದು ಕಾಣುತ್ತದೆ. ಒಂದು ಉಪಾಯವಿದೆ: ಕಾರ್ಡಿನಲ್ಲಿ ಅದೇ ಸಾಲಿನ ಅತ್ಯಂತ ಗಾಢ ಶೇಡ್ ನೋಡಿ. ತಿಳಿ ಬೂದು ಬಚ್ಚಿಟ್ಟಿರುವುದನ್ನು ಬಹುಮಟ್ಟಿಗೆ ಅದು ತೋರಿಸಿಕೊಡುತ್ತದೆ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಡೆದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಾಲ್‌ಗೆ ಬಳಿಸಿದ ಬೂದು ಹಗಲಿನಲ್ಲಿ ಚೆನ್ನಾಗಿತ್ತು. ಆದರೆ ದೀಪ ಹಾಕಿದ ಮೇಲೆ, ವಿಶೇಷವಾಗಿ ತೇಗದ ಬಾಗಿಲಿನ ಅಕ್ಕಪಕ್ಕದಲ್ಲಿ, ಗೋಡೆ ತಿಳಿನೇರಳೆಯಾಗಿ ಕಾಣುತ್ತಿತ್ತು. ಅಂಗಡಿಯವರು ತಪ್ಪು ಬಣ್ಣ ಬೆರೆಸಿದ್ದಾರೆಂದೇ ಮನೆಯವರು ನಂಬಿದ್ದರು. ಉಳಿದ ಡಬ್ಬಿಯಿಂದ ಒಂದು ಬಿಳಿ ರಟ್ಟಿಗೆ ಬಣ್ಣ ಹಚ್ಚಿಸಿ, ಒಣಗಿದ ಮೇಲೆ ಬಿಳಿ ಹಾಳೆಗಳ ನಡುವೆ ಇಟ್ಟು ನೋಡಿದೆವು. ಅದು ಬೂದುವೇ ಆಗಿತ್ತು. ಅದೇ ರಟ್ಟನ್ನು ಕೆನೆಬಣ್ಣದ ಟೈಲ್ಸ್ ಮೇಲೆ ಇಟ್ಟೊಡನೆ ನೇರಳೆ ಮತ್ತೆ ಕಾಣಿಸಿಕೊಂಡಿತು. ಬಣ್ಣದ ಬೆರಕೆಯಲ್ಲಿ ತಪ್ಪೇನೂ ಇರಲಿಲ್ಲ. ಹಳದಿಯ ನೆರೆಯಲ್ಲಿರುವ ಬೂದುವನ್ನು ನಮ್ಮ ಕಣ್ಣು ಹಳದಿಯ ವಿರುದ್ಧ ಬಣ್ಣವಾದ ನೀಲಿ-ನೇರಳೆಯ ಕಡೆಗೆ ತಳ್ಳಿ ನೋಡುತ್ತದೆ. ಹಗಲಿನಲ್ಲಿ ನೆಲಕ್ಕೆ ಬಿದ್ದು ಗೋಡೆಗೆ ಚಿಮ್ಮುವ ಬಿಸಿಲು ತನ್ನೊಡನೆ ನೆಲದ ಹಳದಿಯನ್ನೂ ಒಯ್ದು ಈ ಪರಿಣಾಮವನ್ನು ತಗ್ಗಿಸುತ್ತಿತ್ತು, ರಾತ್ರಿ ಆ ನೆರವು ಇಲ್ಲವಾಗುತ್ತಿತ್ತು. ಮೊದಲು ಟ್ಯೂಬ್‌ಗಳನ್ನು ಬದಲಿಸಿದೆವು. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಬಾಗಿಲಿನ ಗೋಡೆಯೊಂದಕ್ಕೆ ಮಾತ್ರ ಹಳದಿ ಆಕ್ಸೈಡ್ ಸ್ವಲ್ಪ ಹೆಚ್ಚಿರುವ ಬೂದು ಬಳಿಸಿದ ಮೇಲೆ ಉಳಿದರ್ಧವೂ ಬಗೆಹರಿಯಿತು.

ಪ್ಯಾರಿಸ್ಸಿನ ಗೋಬಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಹೊಣೆ ಹೊತ್ತಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಷೆವ್ರಾಲ್ ಇದೇ ಬಗೆಯ ದೂರನ್ನು ಎದುರಿಸಿದ್ದರು. ಕಪ್ಪು ನೂಲು ಕಳೆಗುಂದಿದೆ ಎಂಬ ಆಕ್ಷೇಪ ಬಂದಾಗ ಅವರು ಪರೀಕ್ಷಿಸಿ, ದೋಷವಿರುವುದು ನೂಲಿಗೆ ಹಾಕಿದ ಬಣ್ಣದಲ್ಲಲ್ಲ, ಅದರ ಪಕ್ಕದಲ್ಲಿ ನೇಯ್ದ ಬಣ್ಣಗಳಿಂದ ಅದು ಹಾಗೆ ಕಾಣುತ್ತಿದೆ ಎಂದು ಕಂಡುಕೊಂಡರು. 1839ರಲ್ಲಿ ಆ ನಿಯಮವನ್ನು ವಿಸ್ತಾರವಾಗಿ ಪ್ರಕಟಿಸಿದರು. ಮನೆಯ ಗೋಡೆಗೂ ಆ ನಿಯಮ ಅನ್ವಯಿಸುತ್ತದೆ. ಕೆನೆಬಣ್ಣದ ಟೈಲ್ಸ್ ಇರುವಲ್ಲಿ ಹಳದಿ ಅಥವಾ ಕಂದಿನ ಒಳಛಾಯೆಯ ಬೂದು ಹೊಂದುತ್ತದೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಅಥವಾ ಸಾದರಹಳ್ಳಿ ಗ್ರಾನೈಟ್ ಹಾಸಿದ ನೆಲ ತಾನೇ ಬೂದಾಗಿರುವುದರಿಂದ, ಗೋಡೆಗೂ ಅದೇ ಗಾಢತೆಯ ಬೂದು ಬಳಿದರೆ ಕೋಣೆ ಮಂಕಾಗುತ್ತದೆ; ಅಲ್ಲಿ ಬೆಚ್ಚಗಿನ ಆಫ್ ವೈಟ್ ಮೇಲು. ರೆಡ್ ಆಕ್ಸೈಡ್ ನೆಲದ ಪಕ್ಕದಲ್ಲಿ ಬೂದು ಹಸಿರು ಕಾಣುತ್ತದೆ. ಆ ಕೆಂಪಿಗೆ ಸುಣ್ಣದ ಬಿಳಿಯಷ್ಟು ಚೆನ್ನಾಗಿ ಒಪ್ಪುವ ಇನ್ನೊಂದು ಬಣ್ಣವನ್ನು ನಾನು ಕಂಡಿಲ್ಲ. ನಮ್ಮ ಹಿರಿಯರು ಆ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದುದೂ ಅದರ ಹಳದಿಯನ್ನು ಅಳಿಸಲೆಂದೇ.

ಬೆಳಕಿನ ವಿಷಯದಲ್ಲಿ ಹೊರದೇಶದ ಸಲಹೆಗಳನ್ನು ಹಾಗೆಯೇ ಒಪ್ಪಿಕೊಳ್ಳಬಾರದು. ಉತ್ತರದ ಕಿಟಕಿಗೆ ಎಂದೂ ನೇರ ಬಿಸಿಲಿಲ್ಲ, ಅಲ್ಲಿಯ ಬೆಳಕು ಸದಾ ತಣ್ಣಗೆ, ನೀಲಿಯಾಗಿ ಇರುತ್ತದೆ ಎಂಬ ಮಾತು, ಬೇಸಿಗೆಯ ಮುಂಜಾನೆ ಮತ್ತು ಸಂಜೆಗಳನ್ನು ಬಿಟ್ಟರೆ, ಯುರೋಪಿನ ಅಕ್ಷಾಂಶಗಳಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಬೆಳಗ್ಗೆ ಮತ್ತು ಸಂಜೆ ಓರೆಯಾದ ಬಿಸಿಲು ಬೀಳುತ್ತದೆ. ಡಿಸೆಂಬರ್‌ನಲ್ಲಿ ಅದೇ ಕಿಟಕಿಗೆ ಆಕಾಶದ ಬೆಳಕಷ್ಟೇ ಸಿಗುತ್ತದೆ. ಪಶ್ಚಿಮದ ಕೋಣೆಯಲ್ಲಿ ಇಳಿಹೊತ್ತಿನ ಬಿಸಿಲು ಹಳದಿ ಛಾಯೆಯ ಬೂದುವನ್ನು ಮತ್ತಷ್ಟು ಹಳದಿಯಾಗಿಸುವುದರಿಂದ ಅಲ್ಲಿ ನೀಲಿ ಅಥವಾ ಹಸಿರಿನ ಕಡೆಗಿರುವ ಬೂದು ಸಮತೋಲದಲ್ಲಿರುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಮಾತ್ರ ನಾನು ಬೇರೆಯೇ ಸಲಹೆ ಕೊಡುತ್ತೇನೆ. ಸೂರು ಇಳಿಬಿಟ್ಟ ಹೆಂಚಿನ ಮನೆಗೆ ಮಳೆಗಾಲದ ತಿಂಗಳುಗಳಲ್ಲಿ ಒಳಬರುವ ಬೆಳಕೇ ಕಡಿಮೆ. ಅಲ್ಲಿ ನೀಲಿ ಬೂದು ಬಳಿದರೆ ಮನೆಯ ಒಳಗೂ ಮೋಡ ಕವಿದಂತೆ ತೋರುತ್ತದೆ, ದಯವಿಟ್ಟು ಬೇಡ.

ದೀಪಗಳ ಪೊಟ್ಟಣದ ಮೇಲೆ 3000, 4000, 6500 ಕೆಲ್ವಿನ್ ಎಂದು ಮುದ್ರಿಸಿರುತ್ತಾರೆ. ಇದು ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಕಡಿಮೆಯಿದ್ದಷ್ಟೂ ಬೆಳಕು ಹಳದಿಯ ಕಡೆಗೆ, ಹೆಚ್ಚಿದ್ದಷ್ಟೂ ನೀಲಿಯ ಕಡೆಗೆ ವಾಲುತ್ತದೆ. ಕೂಲ್ ಡೇಲೈಟ್ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚು ಬಳಕೆಯಾಗುವ 6500ರ ಬೆಳಕು ಬೂದುವಿನ ನೀಲಿಯನ್ನು ಎಬ್ಬಿಸುತ್ತದೆ. 3000ರ ಬೆಳಕಿನಲ್ಲಿ ಹಳದಿ ಛಾಯೆಯ ಬೂದು ಮಾಸಿದ ಗೋಡೆಯಂತೆ ಕಾಣುವ ಅಪಾಯವಿದೆ. ಬೂದು ಗೋಡೆಯ ಹಾಲ್‌ಗೆ 4000ರ ದೀಪವೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಮುಖ್ಯವಾದುದೆಂದರೆ ಬಣ್ಣ ಆರಿಸುವ ಮೊದಲೇ ದೀಪವನ್ನು ನಿರ್ಧರಿಸುವುದು.

ಗಾಢತೆಗೆ ಒಂದು ಅಳತೆಯಿದೆ. ಗೋಡೆ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದನ್ನು 0ಯಿಂದ 100ರ ನಡುವಿನ ಸಂಖ್ಯೆಯಲ್ಲಿ ಹೇಳುವ ಎಲ್‌ಆರ್‌ವಿಯನ್ನು ಹಲವು ಬಣ್ಣದ ಕಂಪನಿಗಳು ಪ್ರತಿ ಶೇಡ್‌ಗೂ ಕೊಡುತ್ತವೆ. ಒಂದೇ ಕಿಟಕಿಯ ಕೋಣೆಗೆ 60ಕ್ಕಿಂತ ಕಡಿಮೆಯ ಬೂದುವನ್ನು ನಾಲ್ಕೂ ಗೋಡೆಗೆ ಬಳಿಯಲು ನಾನು ಒಪ್ಪುವುದಿಲ್ಲ.

ಇಷ್ಟೆಲ್ಲ ಲೆಕ್ಕಾಚಾರದ ನಂತರವೂ ಪರೀಕ್ಷೆ ಬಿಡಬೇಡಿ. ಹಳೆಯ ಹಳದಿ ಗೋಡೆಯ ಮೇಲೆಯೇ ಸ್ಯಾಂಪಲ್ ಹಚ್ಚಿ ನೋಡುವುದು ನಮ್ಮಲ್ಲಿ ರೂಢಿ. ಸುತ್ತಲಿನ ಹಳದಿ ಆ ತೇಪೆಯನ್ನು ನೀಲಿಯಾಗಿಸುವುದರಿಂದ ಅದರಿಂದ ಪ್ರಯೋಜನವಿಲ್ಲ. ಎರಡಡಿ ಅಗಲ, ಎರಡಡಿ ಎತ್ತರದ ಪ್ಲೈವುಡ್ ಹಲಗೆಗೆ ಬಿಳಿ ಪ್ರೈಮರ್ ಹಚ್ಚಿ, ಅಂಚಿನಲ್ಲಿ ಎರಡಿಂಚು ಬಿಳಿ ಬಿಟ್ಟು, ಎರಡು ಕೋಟ್ ಬಣ್ಣ ಕೊಡಿಸಿ. ಎಮಲ್ಷನ್ ಒಣಗುವಾಗ ಸ್ವಲ್ಪ ಗಾಢವಾಗುವುದರಿಂದ ಮರುದಿನ ನೋಡಿ. ಹಲಗೆಯನ್ನು ಮಲಗಿಸದೆ ಗೋಡೆಗೆ ಒರಗಿಸಿ, ಅದರ ಬುಡ ನೆಲಕ್ಕೆ ತಾಗಿರಲಿ. ಬೆಳಗ್ಗೆ, ಇಳಿಹೊತ್ತಿನಲ್ಲಿ, ದೀಪದ ಬೆಳಕಿನಲ್ಲಿ, ಒಮ್ಮೆ ಬಾಗಿಲ ಪಕ್ಕದಲ್ಲಿ, ಒಮ್ಮೆ ಸೋಫಾದ ಹಿಂದೆ ಇಟ್ಟು ನೋಡಿ. ಎರಡು ಬೂದುಗಳ ಹಲಗೆಗಳನ್ನು ಅಕ್ಕಪಕ್ಕ ಇಟ್ಟರೆ ಒಂದರ ಒಳಛಾಯೆಯನ್ನು ಇನ್ನೊಂದು ಹೊರಗೆಳೆಯುತ್ತದೆ.

ಸೀಲಿಂಗ್‌ಗೆ ಅಚ್ಚ ಬಿಳಿಯ ಬದಲು ಗೋಡೆಯ ಒಳಛಾಯೆಯೇ ಇರುವ ಆಫ್ ವೈಟ್ ಇರಲಿ. ಬೂದು ಗೋಡೆಗೆ ಹೊಳಪು ಕಡಿಮೆಯಿದ್ದಷ್ಟೂ ಒಳ್ಳೆಯದು, ಏಕೆಂದರೆ ಹೊಳಪು ಪುಟ್ಟಿಯ ಉಬ್ಬುತಗ್ಗುಗಳನ್ನೆಲ್ಲ ತೋರಿಸುತ್ತದೆ. ಹೊಸ ಸಿಮೆಂಟ್ ಗಿಲಾವಿಗೆ ಕನಿಷ್ಠ 28 ದಿನ ಕಳೆಯುವ ಮೊದಲೇ ಬಣ್ಣ ಹಚ್ಚಿಸಿದರೆ ಕ್ಷಾರ ಮೇಲೆದ್ದು ಬಿಳಿ ಕಲೆಗಳಾಗುತ್ತವೆ, ಅವು ಬೂದುವಿನ ಮೇಲೆ ಬೇರೆಲ್ಲ ಬಣ್ಣಗಳಿಗಿಂತ ಬೇಗ ಕಣ್ಣಿಗೆ ಬೀಳುತ್ತವೆ. ಹನಿಯ ಲೆಕ್ಕದಲ್ಲಿ ತಯಾರಾಗುವ ಬಣ್ಣವಾದ್ದರಿಂದ ಇಡೀ ಕೋಣೆಗೆ ಬೇಕಾದಷ್ಟನ್ನು ಒಮ್ಮೆಗೇ ಬೆರೆಸಿ ತನ್ನಿ, ಪೇಂಟರ್‌ಗೆ ಹೇಳಿ ಎಲ್ಲ ಡಬ್ಬಿಗಳನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಕಿಸಿ, ಡಬ್ಬಿಯ ಮೇಲೆ ಅಂಟಿಸಿರುವ ಶೇಡ್ ಸಂಖ್ಯೆ ಮತ್ತು ಬೆರಕೆಯ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೊಂದು ದಿನ ಒಂದು ಗೋಡೆಯನ್ನಷ್ಟೇ ದುರಸ್ತಿ ಮಾಡಿಸಬೇಕಾದಾಗ ಆ ಚೀಟಿ ಬೇಕಾಗುತ್ತದೆ.