ರಾತ್ರಿ ಕಾಲುನೋವು ಅಂತ ಬರುವ ಮಕ್ಕಳು: ಒಪಿಡಿ ಪೋಸ್ಟಿಂಗ್‌ಗೆ ಮುಂಚೆ ಓದಿಕೊಳ್ಳಲು

ವಾಣಿವಿಲಾಸವಾಗಲಿ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯಾಗಲಿ, ಬೆಂಗಳೂರಲ್ಲಿ ನಿಮ್ಮನ್ನು ಎಲ್ಲಿಗೆ ಹಾಕಿದರೂ ಈ ದೂರು ಬಂದೇ ಬರುತ್ತದೆ: “ರಾತ್ರಿ ಕಾಲು ಹಿಡ್ಕೊಂಡು ಅಳ್ತಾನೆ ಮೇಡಂ. ಬೆಳಿಗ್ಗೆ ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಓಡಾಡ್ತಾನೆ.” ಆ ಎರಡನೇ ವಾಕ್ಯ ಬಹಳ ಮುಖ್ಯ. ತಾಯಿ ತಾನಾಗಿ ಹೇಳದಿದ್ದರೆ ನೀವೇ ಕೇಳಿ.

ಇಂಥ ನೋವಿಗೆ ಬೆಳವಣಿಗೆ ನೋವು (ಗ್ರೋಯಿಂಗ್ ಪೇನ್ಸ್) ಅನ್ನುತ್ತಾರೆ. ಇದು ಸಾಮಾನ್ಯವಾಗಿ 3ರಿಂದ 12 ವರ್ಷದೊಳಗಿನ ಮಕ್ಕಳಲ್ಲಿ ಕಾಣುತ್ತದೆ. 2004ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 4ರಿಂದ 6 ವರ್ಷದ ಮಕ್ಕಳಲ್ಲಿ ಸುಮಾರು 37% ಮಂದಿಗೆ ಇದು ಇತ್ತು. ಅಂದರೆ ಅಪರೂಪದ್ದೇನಲ್ಲ. ನೋವು ಎರಡೂ ಕಾಲಿಗೆ. ಜಾಗ ಮೀನಖಂಡ, ತೊಡೆ, ಮಂಡಿಯ ಕೆಳಗೆ ಕಾಲಿನ ಮುಂಭಾಗ ಅಥವಾ ಮಂಡಿಯ ಹಿಂದೆ. ಕೀಲಿನೊಳಗಲ್ಲ. ಸಂಜೆ ಅಥವಾ ರಾತ್ರಿ ಬರುತ್ತದೆ, ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. ಎರಡು ರಾತ್ರಿ ಬರಬಹುದು, ಆಮೇಲೆ ವಾರಗಟ್ಟಲೆ ಸುದ್ದಿಯೇ ಇಲ್ಲ.

ಬೆಳೆಯುವುದರಿಂದಲೇ ನೋವು ಬರುತ್ತದೆಯೇ? 1823ರಲ್ಲಿ ಮಾರ್ಸೆಲ್ ಡುಶಾಂಪ್ ಎಂಬ ಫ್ರೆಂಚ್ ವೈದ್ಯರು ಹಾಗೆ ಬರೆದರು, ಅದೇ ಉಳಿದುಕೊಂಡಿತು. ಆದರೆ ಲೆಕ್ಕ ಹಾಕಿ ನೋಡಿ. ಮಗು ಮೊದಲ ವರ್ಷದಲ್ಲಿ ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ. ಐದು ವರ್ಷದ ಹೊತ್ತಿಗೆ ವರ್ಷಕ್ಕೆ 6 ಸೆಂಟಿಮೀಟರ್ ಆಸುಪಾಸು. ಮತ್ತೆ ಜೋರಾಗಿ ಬೆಳೆಯುವುದು ಹದಿಹರೆಯದಲ್ಲಿ. ನೋವು ಜಾಸ್ತಿ ಇರುವುದು ನಿಧಾನವಾಗಿ ಬೆಳೆಯುವ ಈ ನಡುವಿನ ವರ್ಷಗಳಲ್ಲಿ, ಅಲ್ವಾ? ನಿಜವಾದ ಕಾರಣ ಇನ್ನೂ ಪಕ್ಕಾ ಆಗಿಲ್ಲ. ಹಗಲೆಲ್ಲ ಓಡಿ, ಜಿಗಿದು ಕಾಲಿಗೆ ಬೀಳುವ ಶ್ರಮ, ನೋವು ಬೇಗ ತಟ್ಟುವ ಸ್ವಭಾವ, ಮನೆತನದಲ್ಲಿ ಇರುವುದು, ಇವೆಲ್ಲ ಚರ್ಚೆಯಲ್ಲಿವೆ. ವಿಟಮಿನ್ ಡಿ ಕೊರತೆಯ ಮಾತೂ ಇದೆ. ಆದರೆ ಆ ಕೊರತೆ ಕಾಲುನೋವೇ ಇಲ್ಲದ ಮಕ್ಕಳಲ್ಲೂ ಬೇಕಾದಷ್ಟಿದೆ. ಹಾಗಾಗಿ ಇದೇ ಕಾರಣ ಅಂತ ಪೋಷಕರಿಗೆ ಖಚಿತವಾಗಿ ಹೇಳಬೇಡಿ.

ಇನ್ನು ಪರೀಕ್ಷೆ. ನನ್ನ ಪ್ರಕಾರ ನಾವು ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೇ. ಮೊದಲು ಮಗುವನ್ನು ನಡೆಸಿ ನೋಡಿ. ಕುಂಟುತ್ತಿದ್ದರೆ ಅದು ಬೆಳವಣಿಗೆ ನೋವಲ್ಲ. ಆಮೇಲೆ ಕಾಲು ಒತ್ತಿ. ಬೆಳವಣಿಗೆ ನೋವಿರುವ ಮಗುವಿಗೆ ಒತ್ತಿದರೆ ಹಾಯೆನಿಸುತ್ತದೆ. ರಾತ್ರಿ ಅಮ್ಮನ ಕೈ ಹಿಡಿದು “ಇಲ್ಲಿ ಒತ್ತಮ್ಮ” ಅನ್ನುವುದೂ ಇದೇ ಮಗು. ಮೂಳೆಯಲ್ಲೋ ಕೀಲಿನಲ್ಲೋ ತೊಂದರೆ ಇರುವ ಮಗು ಮುಟ್ಟಿಸಿಕೊಳ್ಳುವುದಿಲ್ಲ, ಕಾಲು ಎಳೆದುಕೊಳ್ಳುತ್ತದೆ.

ಮಂಡಿ ನೋವು ಅಂದರೂ ಸೊಂಟದ ಕೀಲು ನೋಡದೆ ಬಿಡಬೇಡಿ. ಪರ್ಥಿಸ್ ಕಾಯಿಲೆಯಲ್ಲಿ (ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಹಾಳಾಗುವ ಕಾಯಿಲೆ) ತೊಂದರೆ ಇರುವುದು ಸೊಂಟದ ಕೀಲಲ್ಲಿ, ಮಗು ಕೈ ತೋರಿಸುವುದು ಮಂಡಿಗೆ. ವಯಸ್ಸೂ ಹೆಚ್ಚುಕಮ್ಮಿ ಇದೇ. ಮಗುವನ್ನು ಅಂಗಾತ ಮಲಗಿಸಿ, ಸೊಂಟ ಮತ್ತು ಮಂಡಿ ಎರಡನ್ನೂ 90 ಡಿಗ್ರಿ ಮಡಚಿ, ಪಾದವನ್ನು ಹೊರಗಡೆಗೆ ನಿಧಾನವಾಗಿ ತಿರುಗಿಸಿ. ಆಗ ಸೊಂಟದ ಕೀಲು ಒಳಮುಖವಾಗಿ ತಿರುಗುತ್ತದೆ. ಇನ್ನೊಂದು ಕಾಲಿಗೂ ಹಾಗೇ ಮಾಡಿ, ಎರಡನ್ನೂ ಹೋಲಿಸಿ. ಒಂದು ಕಡೆ ಕಮ್ಮಿ ತಿರುಗಿದರೆ ಎಕ್ಸ್‌ರೇ ಬೇಕು.

ಲ್ಯುಕೇಮಿಯಾದ (ರಕ್ತದ ಕ್ಯಾನ್ಸರ್) ಮೂಳೆನೋವೂ ಮಗುವನ್ನು ರಾತ್ರಿ ಎಬ್ಬಿಸಬಹುದು. ಅದಕ್ಕೇ ಕಣ್ಣಿನ ಕೆಳರೆಪ್ಪೆ ಎಳೆದು ರಕ್ತಹೀನತೆ ನೋಡಿ. ಬಟ್ಟೆ ಸರಿಸಿ, ಪೆಟ್ಟಾಗದೆ ಮೂಡಿದ ನೀಲಿ ಕಲೆಗಳಿವೆಯೇ ನೋಡಿ. ಹೊಟ್ಟೆಯನ್ನೂ ಕುತ್ತಿಗೆಯ ಗಂಟುಗಳನ್ನೂ ಮುಟ್ಟಿ ನೋಡಿ. ಬಿಟ್ಟುಬಿಟ್ಟು ಬರುವ ಜ್ವರ, ತೂಕ ಇಳಿಯುವುದು, ಹಗಲಲ್ಲೂ ಉಳಿಯುವ ನೋವು, ಒಂದೇ ಕಾಲಿನ ನೋವು, ಕೀಲಿನ ಬಾವು, ಬೆಳಿಗ್ಗೆ ಎದ್ದಾಗ ಬಿಗಿತ, ಇವುಗಳಲ್ಲಿ ಒಂದಿದ್ದರೂ ಸೀನಿಯರ್‌ಗೆ ತೋರಿಸಿ. ಸಿಬಿಸಿ (ರಕ್ತಕಣಗಳ ಎಣಿಕೆ), ರಕ್ತದ ಸ್ಮಿಯರ್ (ರಕ್ತಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು), ಇಎಸ್‌ಆರ್ (ಉರಿಯೂತ ಸೂಚಿಸುವ ರಕ್ತಪರೀಕ್ಷೆ) ಅಲ್ಲಿಂದ ಶುರು. ಯಾವುದೂ ಇಲ್ಲ, ಕಥೆಯೂ ಸರಿಯಾಗಿ ಹೊಂದುತ್ತದೆ ಅಂದರೆ ಸುಮ್ನೆ ಮಗುವಿಗೆ ಸೂಜಿ ಚುಚ್ಚಿಸುವ ಅಗತ್ಯವಿಲ್ಲ.

ಮನೆಯಲ್ಲಿ ಕಾಲು ಒತ್ತುವುದು, ಹದವಾದ ಬಿಸಿ ಶಾಖ ಸಾಕು. ಮಲಗುವ ಮುಂಚೆ ತೊಡೆ, ಮೀನಖಂಡದ ಸ್ನಾಯುಗಳನ್ನು ಮೆಲ್ಲಗೆ ಎಳೆದು ಹಿಡಿಯುವ ವ್ಯಾಯಾಮವನ್ನು ಅಪ್ಪ ಅಮ್ಮನಿಗೆ ಮಾಡಿ ತೋರಿಸಿ. 1988ರ ಒಂದು ಸಣ್ಣ ಅಧ್ಯಯನದಲ್ಲಿ ಇದರಿಂದ ನೋವು ಬೇಗ ಕಮ್ಮಿಯಾಗಿತ್ತು. ಕ್ಯಾಲ್ಸಿಯಂ ಸಿರಪ್ ಬರೆದುಕೊಡಿ ಅಂತ ಬಹಳ ಜನ ಕೇಳುತ್ತಾರೆ. ಈ ನೋವಿಗೆ ಅದು ಮದ್ದಲ್ಲ. ಊಟ ವಿಚಾರಿಸಿ. 100 ಗ್ರಾಂ ರಾಗಿಯಲ್ಲೇ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಮುದ್ದೆಯೋ ಅಂಬಲಿಯೋ ಮನೆಯಲ್ಲಿ ನಡೆಯುತ್ತಿದ್ದರೆ ಮುಂದುವರಿಸಲಿ.

ನೋವು ತಡೆಯಲಾಗದ ರಾತ್ರಿಗೆ ಪ್ಯಾರಾಸಿಟಮಾಲ್, ಕೆಜಿಗೆ 10ರಿಂದ 15 ಮಿಲಿಗ್ರಾಂ. 16 ಕೆಜಿ ಮಗುವಿಗೆ ಒಂದು ಸಲಕ್ಕೆ 160ರಿಂದ 240 ಮಿಲಿಗ್ರಾಂ. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಮಿಲಿಗ್ರಾಂ ಇರುವುದೂ ಇದೆ. ಮನೆಯಲ್ಲಿರುವ ಬಾಟಲಿ ಯಾವುದು ಅಂತ ಕೇಳಿಯೇ ಎಂಎಲ್ ಹೇಳಿ. ಆಸ್ಪಿರಿನ್ ಮಾತ್ರ ಬೇಡ, ಮಕ್ಕಳಲ್ಲಿ ರೈ ಸಿಂಡ್ರೋಮ್ (ಮಿದುಳು, ಲಿವರ್‌ಗೆ ಹಾನಿ ಮಾಡುವ ಅಪಾಯಕಾರಿ ಸ್ಥಿತಿ) ಭಯವಿದೆ. ಕುಂಟು, ಜ್ವರ, ಬಾವು, ಒಂದೇ ಕಾಲಿನ ನೋವು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಬನ್ನಿ ಅಂತ ಒಪಿಡಿ ಚೀಟಿ ಮೇಲೆ ಕನ್ನಡದಲ್ಲೇ ಬರೆದುಕೊಡಿ.