ಹೋ-ಚಂಕ್ ಹಿರಿಯರ ಬಾಳಕಥೆ: ಹೇಳಿದವರು ಯಾರು, ಬರೆದವರು ಯಾರು?

ಅಮೆರಿಕದ ವಿಸ್ಕಾನ್ಸಿನ್‌ನ ಮೂಲನಿವಾಸಿಗಳಾದ ಹೋ-ಚಂಕ್ ಜನರಲ್ಲಿ ಹಿರಿಯರೊಬ್ಬರು ತಮ್ಮ ಬದುಕನ್ನು ಕವಿತೆಯಾಗಿಯೋ ಪ್ರಬಂಧವಾಗಿಯೋ ಬರೆಯಲು ಕುಳಿತರೆ, ಕಳೆದುಕೊಂಡ ನೆಲದ ವಿಚಾರವನ್ನು ಬಿಟ್ಟು ಬರೆಯುವುದು ಕಷ್ಟ. ಅಮೆರಿಕ ಸರ್ಕಾರದೊಂದಿಗಿನ 1837ರ ಒಪ್ಪಂದಕ್ಕೆ ಸಹಿ ಹಾಕಿದ ಹೋ-ಚಂಕ್ ನಿಯೋಗಕ್ಕೆ ನೆಲವನ್ನು ಬಿಟ್ಟುಕೊಡುವ ಅಧಿಕಾರವೇ ಇರಲಿಲ್ಲ. ಊರು ಬಿಡಲು ಎಂಟು ವರ್ಷಗಳ ಗಡುವಿದೆಯೆಂದು ಅವರು ನಂಬಿದ್ದರೆ, ಕಾಗದದಲ್ಲಿ ಇದ್ದದ್ದು ಎಂಟು ತಿಂಗಳು. ಮುಂದೆ ಅಯೋವಾ, ಮಿನೆಸೋಟಾ, 1863ರಲ್ಲಿ ಡಕೋಟಾದ ಕ್ರೋ ಕ್ರೀಕ್, ಕೊನೆಗೆ ನೆಬ್ರಾಸ್ಕಾ ಎಂದು ಈ ಜನರನ್ನು ಅಟ್ಟಲಾಯಿತು. ಅನೇಕರು ಮತ್ತೆ ಮತ್ತೆ ವಿಸ್ಕಾನ್ಸಿನ್‌ಗೆ ಮರಳಿದರು. 1873–74ರ ಚಳಿಗಾಲದಲ್ಲಿ ಸೈನಿಕರು ಹಿಡಿದು ಸಾಗಿಸಿದವರಲ್ಲೂ ಬಹಳಷ್ಟು ಜನ ಹಿಂತಿರುಗಿದ ಮೇಲೆ, ಅವರು ಹೋಮ್‌ಸ್ಟೆಡ್ ಜಮೀನು (ನೆಲೆಸಿ ಸಾಗುವಳಿ ಮಾಡುವವರಿಗೆ ಸರ್ಕಾರ ಕೊಡುತ್ತಿದ್ದ ನೆಲ) ಪಡೆದು ಅಲ್ಲೇ ನೆಲೆಸಲು ಕಾನೂನು ಅವಕಾಶ ಕೊಟ್ಟಿತು.

ಈ ಚರಿತ್ರೆ ಒಂದು ಮನೆಯೊಳಗೆ ಹೇಗೆ ನಡೆಯಿತೆಂಬುದನ್ನು 1884ರಲ್ಲಿ ಹುಟ್ಟಿದ ಮೌಂಟನ್ ವುಲ್ಫ್ ವುಮನ್ ಎಂಬ ಹಿರಿಯೆ ಹೇಳಿದ್ದಾರೆ. ಬ್ಲ್ಯಾಕ್ ರಿವರ್ ಫಾಲ್ಸ್ ಬಳಿ 40 ಎಕರೆ ಪಡೆದದ್ದು ಅವರ ತಾಯಿ. ತಂದೆಯೋ ಗುಡುಗಿನ ಕುಲದವರು, ತಾನು ಮಣ್ಣಿಗೆ ಸೇರಿದವನಲ್ಲವೆಂದು ಜಮೀನಿನ ಗೊಡವೆಗೇ ಹೋಗಲಿಲ್ಲ. ಯಾವ ಸರ್ಕಾರಿ ದಾಖಲೆಯಲ್ಲಿ ಇಂಥ ಕಾರಣ ಸಿಕ್ಕೀತು!

ಆದರೆ ಆ ಕಾಲದಲ್ಲಿ ಇಂಥ ಕಥೆ ಅಚ್ಚಾಗಬೇಕಿದ್ದರೆ ಮಾನವಶಾಸ್ತ್ರಜ್ಞರ ಕೈ ದಾಟಿಯೇ ಬರಬೇಕಿತ್ತು. ಮೌಂಟನ್ ವುಲ್ಫ್ ವುಮನ್ ಅವರ ಅಣ್ಣ ಸ್ಯಾಮ್ ಬ್ಲೋಸ್ನೇಕ್ ಹೋ-ಚಂಕ್ ಭಾಷೆಯಲ್ಲಿ ಸ್ವತಃ ಬರೆದ ಆತ್ಮಕಥೆ 1920ರಲ್ಲಿ ಹೊರಬಂದದ್ದು ಮಾನವಶಾಸ್ತ್ರಜ್ಞ ಪಾಲ್ ರೇಡಿನ್ ಅವರ ಅಡಿಟಿಪ್ಪಣಿಗಳ ಭಾರದೊಂದಿಗೆ. ತಂಗಿ 1958ರಲ್ಲಿ ಮಿಷಿಗನ್‌ನ ಆ್ಯನ್ ಆರ್ಬರ್‌ಗೆ ಹೋಗಿ, ತಾವು ಸೋದರ ಸೊಸೆಯಾಗಿ ಸ್ವೀಕರಿಸಿದ್ದ ಮಾನವಶಾಸ್ತ್ರಜ್ಞೆ ನ್ಯಾನ್ಸಿ ಲೂರಿಯವರ ಟೇಪ್ ರೆಕಾರ್ಡರ್ ಮುಂದೆ ಕುಳಿತರು. ಮೊದಲ ಬಾರಿ ಇಡೀ ಬದುಕನ್ನು ತೀರಾ ಚಿಕ್ಕದಾಗಿ ಹೇಳಿ ಮುಗಿಸಿದ ಅವರು, ಲೂರಿ ಇನ್ನಷ್ಟು ಬೇಕೆಂದ ಮೇಲೆಯೇ ವಿಸ್ತರಿಸಿದ್ದು. ನನಗೆ ಆ ಚಿಕ್ಕ ನಿರೂಪಣೆಯೇ ಹೆಚ್ಚು ಕುತೂಹಲಕರ, ಏಕೆಂದರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಅಲ್ಲಿ ಪೂರ್ತಿ ಅವರದೇ. 1960ರಲ್ಲಿ ಅವರು ತೀರಿಕೊಂಡರು. ಪುಸ್ತಕ ಬಂದದ್ದು ಮರುವರ್ಷ.

ಇಂದು ಲೇಖನಿ ಹಿಡಿಯುವ ಹಿರಿಯರಿಗೆ ಆ ಆಯ್ಕೆ ಮರಳಿ ಸಿಕ್ಕಿದೆ. ಅವರು ಬರೆಯುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಎಂಬುದರ ಹಿಂದೆ, ಮಕ್ಕಳಿಂದ ತಾಯ್ನುಡಿಯನ್ನು ಬಿಡಿಸಲು ಹೊರಟಿದ್ದ, ವಿಸ್ಕಾನ್ಸಿನ್‌ನ ಟೋಮಾದಂಥ ಸರ್ಕಾರಿ ವಸತಿಶಾಲೆಗಳ ಚರಿತ್ರೆಯೂ ಇದೆ. ಹಾಗೆಂದು ಈ ಬರವಣಿಗೆ ಹೊರಗಿನಿಂದ ಬಂದದ್ದಲ್ಲ. ಹೋ-ಚಂಕ್ ಸಂಪ್ರದಾಯದಲ್ಲಿ ಪವಿತ್ರ ಕಥೆಗಳನ್ನು ನೆಲದ ಮೇಲೆ ಹಿಮವಿರುವಾಗ ಮಾತ್ರ ಹೇಳಬೇಕು. ಮನುಷ್ಯರಿಗೆ ನಿಜವಾಗಿ ನಡೆದ ಸಂಗತಿಗಳಿಗೆ ಆ ಕಟ್ಟಳೆಯಿಲ್ಲ, ಅವನ್ನು ಯಾವ ಋತುವಿನಲ್ಲೂ ಹೇಳಬಹುದು. ಹಿರಿಯರ ಬಾಳಕಥೆ ಈ ಎರಡನೆಯ ಬಗೆಯದೇ.