ಬರೆದುಕೊಟ್ಟ ಮೇಲೆ: ಹಿರಿಯರ ಹಕ್ಕು ನಡೆದುಬಂದ ದಾರಿ

2025ರ ಮಾರ್ಚ್‌ನಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ ಅವರು ತಿಳಿಸಿದ ಸಂಗತಿಯೊಂದು ಹಲವರ ನೆಮ್ಮದಿ ಕೆಡಿಸಿತು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ವೃದ್ಧ ತಂದೆತಾಯಿಯರನ್ನು ಮಕ್ಕಳು ಬಿಟ್ಟುಹೋಗಿದ್ದರು. ಆಸ್ತಿ ತಮ್ಮ ಹೆಸರಿಗಾದ ಮೇಲೆ ಚಿಕಿತ್ಸೆಯ ನೆಪದಲ್ಲಿ ತಂದು ಸೇರಿಸಿ, ಮತ್ತೆ ಅತ್ತ ತಲೆ ಹಾಕದವರೂ ಅವರಲ್ಲಿ ಇದ್ದರು. ಇಂಥ ಪ್ರಕರಣಗಳನ್ನು ಉಪವಿಭಾಗಾಧಿಕಾರಿಯ ಮುಂದಿಟ್ಟು ಆಸ್ತಿ ವರ್ಗಾವಣೆಯನ್ನೇ ರದ್ದುಗೊಳಿಸಲು ಕ್ರಮ ಕೈಗೊಳ್ಳಬೇಕೆಂದು ಸಚಿವರು ಸೂಚಿಸಿದರು. ನೋಂದಣಿಯಾದ ಪತ್ರವೊಂದನ್ನು ಕಂದಾಯ ಇಲಾಖೆಯ ಅಧಿಕಾರಿ ರದ್ದುಮಾಡಬಲ್ಲ ಎಂಬುದೇ ಅನೇಕರಿಗೆ ಹೊಸ ಸುದ್ದಿ. ಆ ಅಧಿಕಾರ ಬಂದದ್ದು 2007ರ ಕಾಯ್ದೆಯಿಂದ. ಅಲ್ಲಿಗೆ ಬಂದು ಮುಟ್ಟಲು ದೇಶಕ್ಕೆ ಅರ್ಧ ಶತಮಾನ ಹಿಡಿಯಿತು.

ಕಾನೂನಿಗಿಂತ ಮೊದಲೂ ಹಳ್ಳಿಯ ಹಿರಿಯರಿಗೆ ಈ ಭಯ ಇಲ್ಲದಿರಲಿಲ್ಲ. ಮನೆ ಪಾಲಾಗುವಾಗ ತಂದೆತಾಯಿಯ ಜೀವನಾಂಶಕ್ಕೆಂದು ಒಂದಿಷ್ಟು ಜಮೀನನ್ನು ಬೇರೆ ತೆಗೆದಿರಿಸಿ, ಅವರನ್ನು ಕೊನೆಯವರೆಗೆ ನೋಡಿಕೊಂಡವರಿಗೆ ಅದು ಸೇರತಕ್ಕದ್ದೆಂದು ಪಂಚರ ಮುಂದೆ ಒಪ್ಪಿಸುತ್ತಿದ್ದ ರೂಢಿ ಹುಟ್ಟಿದ್ದೇ ಆ ಭಯದಿಂದ. ಅಂಥ ತುಂಡು ಜಮೀನು ಉಳಿಸಿಕೊಂಡ ಅಜ್ಜ ಯಾವ ಮಗನ ಮನೆಯಲ್ಲಿ ಉಣ್ಣಬೇಕೆಂದು ತಾನೇ ನಿರ್ಧರಿಸುತ್ತಿದ್ದ. ಎಲ್ಲವನ್ನೂ ಹಂಚಿ ಕೈ ತೊಳೆದುಕೊಂಡವನನ್ನು ಮಕ್ಕಳು ತಿಂಗಳ ಸರದಿಯಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು. ಮುದಿತನದ ಘನತೆ ಎಂದು ನಾವು ಈಗ ಕರೆಯುವುದು ಬಹುಮಟ್ಟಿಗೆ ಈ ಎರಡು ಸ್ಥಿತಿಗಳ ನಡುವಿನ ಅಂತರವೇ ಆಗಿದೆ.

ಸಂವಿಧಾನದ 41ನೇ ವಿಧಿ ಮುಪ್ಪಿನಲ್ಲಿ ಸರ್ಕಾರದ ನೆರವು ಸಿಗಬೇಕೆಂದು ಹೇಳಿತಾದರೂ, ಅದು ರಾಜ್ಯದ ಶಕ್ತಿಗೆ ತಕ್ಕಂತೆ ಎಂಬ ಮಾತನ್ನೂ ಜೊತೆಗೇ ಸೇರಿಸಿತು. ಕಾನೂನು ಮೊದಲು ಹೊರೆ ಹೊರಿಸಿದ್ದು ಮಕ್ಕಳ ಮೇಲೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, ತಮ್ಮನ್ನು ತಾವು ಸಾಕಿಕೊಳ್ಳಲಾಗದ ವೃದ್ಧ ತಂದೆತಾಯಿಯರ ಪೋಷಣೆಯನ್ನು ಮಗ ಮತ್ತು ಮಗಳು ಇಬ್ಬರ ಹೊಣೆಯಾಗಿಸಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೆಂಡತಿ ಮಕ್ಕಳಿಗಷ್ಟೇ ಇದ್ದ ಜೀವನಾಂಶದ ಅವಕಾಶವನ್ನು 1973ರ ಸಂಹಿತೆಯ 125ನೇ ಕಲಂ ಎಲ್ಲ ಧರ್ಮಗಳ ತಂದೆತಾಯಿಯರಿಗೂ ವಿಸ್ತರಿಸಿತು. ಮದುವೆಯಾದ ಮಗಳೂ ಈ ಹೊಣೆಯಿಂದ ಹೊರತಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಸ್ಪಷ್ಟಪಡಿಸಿತು. ಆದರೆ ಆ ಕಲಮಿನಡಿ ದೊರೆಯಬಹುದಾದ ಗರಿಷ್ಠ ಮೊತ್ತ ತಿಂಗಳಿಗೆ 500 ರೂಪಾಯಿ. ಈ ಮಿತಿಯನ್ನು ತೆಗೆದದ್ದು 2001ರಲ್ಲಿ. ಅಷ್ಟು ಹಣಕ್ಕಾಗಿ ಹೆತ್ತ ಮಗನ ಮೇಲೆ ಮ್ಯಾಜಿಸ್ಟ್ರೇಟರ ಎದುರು ವಕೀಲರನ್ನಿಟ್ಟು ವರ್ಷಗಟ್ಟಲೆ ಅಲೆಯುವ ತಾಯಿ ಎಷ್ಟು ಮಂದಿ ಇದ್ದಾರು?

ಇತ್ತ ಸರ್ಕಾರದ ನೆರವು ಬೇರೊಂದು ದಾರಿಯಲ್ಲಿ ನಿಧಾನವಾಗಿ ಬಂತು. ಉತ್ತರ ಪ್ರದೇಶ 1957ರಲ್ಲೇ ವೃದ್ಧಾಪ್ಯ ವೇತನ ಆರಂಭಿಸಿತ್ತು, ಬೇರೆ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ಕೇಂದ್ರ ಸರ್ಕಾರ ಕೈಜೋಡಿಸಿದ್ದು 1995ರ ಆಗಸ್ಟ್ 15ರಂದು, ಅದೂ 65 ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿಯಂತೆ. ನಿರ್ಗತಿಕ ಎಂಬ ಆ ಪದ ಮಾಡಿದ ಹಾನಿ ಸಣ್ಣದಲ್ಲ. ಸ್ವಂತ ಆದಾಯವಾಗಲಿ ಮನೆಯವರ ಆಸರೆಯಾಗಲಿ ಇಲ್ಲವೆಂದು ತೋರಿಸಿದವರಿಗೆ ಮಾತ್ರ ಹಣ. ಅಂದರೆ ಮಗನಿದ್ದವರು ಅರ್ಜಿ ಹಾಕಬೇಕಾದರೆ ಆತ ಅನ್ನ ಹಾಕುವುದಿಲ್ಲವೆಂದು ಊರೆದುರು ಒಪ್ಪಿಕೊಳ್ಳಬೇಕಿತ್ತು. 2007ರ ನವೆಂಬರ್‌ನಲ್ಲಿ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರಿಟ್ಟು, ಬಡತನ ರೇಖೆಯ ಕೆಳಗಿನ ಎಲ್ಲ ವೃದ್ಧರಿಗೂ ವಿಸ್ತರಿಸಿದಾಗ ಈ ಮುಜುಗರ ಸ್ವಲ್ಪ ತಗ್ಗಿತು. 2011ರಲ್ಲಿ ವಯಸ್ಸಿನ ಮಿತಿ 60ಕ್ಕೆ ಇಳಿಯಿತು, 80 ದಾಟಿದವರಿಗೆ ಕೇಂದ್ರದ ಪಾಲು 500 ರೂಪಾಯಿ ಆಯಿತು. ಉಳಿದವರ ಪಾಲು 2006ರಲ್ಲಿ ನಿಗದಿಯಾದ 200 ರೂಪಾಯಿಯಲ್ಲೇ ನಿಂತಿದೆ. ಕರ್ನಾಟಕದಲ್ಲಿ ಕೈಗೆ ಬರುವ ಮೊತ್ತ ಇದಕ್ಕಿಂತ ಹೆಚ್ಚಿರುವುದು ರಾಜ್ಯದ ಬೊಕ್ಕಸದಿಂದ: ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರಂಥವರನ್ನು ಗಮನದಲ್ಲಿಟ್ಟುಕೊಂಡು 2007ರಲ್ಲಿ 400 ರೂಪಾಯಿಯೊಂದಿಗೆ ಶುರುವಾದ ಸಂಧ್ಯಾ ಸುರಕ್ಷಾ ಈಗ 1,200 ರೂಪಾಯಿಗೆ ಬಂದಿದೆ.

ಹಣ ಎಷ್ಟು ಎಂಬುದರಷ್ಟೇ ಮುಖ್ಯವಾದದ್ದು ಅದು ಯಾರ ಕೈಗೆ ಬರುತ್ತದೆ ಎಂಬುದು. ಮನಿಯಾರ್ಡರ್ ಕಾಲದಲ್ಲಿ ಅಂಚೆಯವನು ಮನೆ ಬಾಗಿಲಿಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ನೋಟು ಕೊಡುತ್ತಿದ್ದ. ಅದರಲ್ಲಿ ಅವನ ಚಹಾದ ಖರ್ಚು ಹೋದರೂ ಉಳಿದದ್ದು ಅಜ್ಜಿಯ ಸೆರಗಿನ ಗಂಟಿಗೆ ಸೇರುತ್ತಿತ್ತು. ಬ್ಯಾಂಕ್ ಖಾತೆಗೆ ನೇರ ಜಮೆ ಬಂದ ಮೇಲೆ ಸೋರಿಕೆ ಕಡಿಮೆಯಾಯಿತೆಂಬುದು ನಿಜ. ಆದರೆ ನಡೆಯಲಾರದವರ ಪಾಸ್‌ಬುಕ್ಕು ಎಟಿಎಂ ಕಾರ್ಡುಗಳು ಮಗನ ಜೇಬಿಗೆ ಸೇರಿದವು, ಜೀವನವಿಡೀ ಕಳೆ ಕಿತ್ತು ಸವೆದ ಬೆರಳುಗಳನ್ನು ಆಧಾರ್ ಯಂತ್ರ ಗುರುತಿಸದಾಯಿತು. ಮೊಮ್ಮಗುವಿನ ಕೈಗೆ ಹತ್ತು ರೂಪಾಯಿ ತಾನೇ ಕೊಡುವ ಸುಖವನ್ನು ಯಾವ ಇಲಾಖೆಯೂ ಅಂಕಿಅಂಶಗಳಲ್ಲಿ ಬರೆದಿಡುವುದಿಲ್ಲ.

ಹಿರಿಯರನ್ನು ಆಶ್ರಿತರೆಂದಲ್ಲದೆ ನಾಗರಿಕರೆಂದು ನೋಡುವ ಭಾಷೆ ಬಂದದ್ದು ತೊಂಬತ್ತರ ದಶಕದಲ್ಲಿ. 1991ರಲ್ಲಿ ವಿಶ್ವಸಂಸ್ಥೆ ಒಪ್ಪಿದ ತತ್ತ್ವಗಳ ಪಟ್ಟಿಯಲ್ಲಿ ಸ್ವಾವಲಂಬನೆ ಮೊದಲನೆಯದು, ಘನತೆ ಕೊನೆಯದು, ಆರೈಕೆ ನಡುವೆ. 1999ರಲ್ಲಿ ಭಾರತವೂ ಹಿರಿಯರಿಗಾಗಿ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿ ನಗರ ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆಗೂಡಿ 2002ರಲ್ಲಿ ಆರಂಭಿಸಿದ 1090 ಸಹಾಯವಾಣಿ, ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವ ಹಿರಿಯರ ದೂರು ಕೇಳುವ ಮೊದಲ ಪ್ರಯತ್ನಗಳಲ್ಲಿ ಒಂದು. ದೇಶವ್ಯಾಪಿ 14567 ಸಂಖ್ಯೆ ಬಂದದ್ದು 2021ರಲ್ಲಿ. 2011ರ ಜನಗಣತಿಯ ವೇಳೆಗೆ ದೇಶದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 8.6 ಇದ್ದರೆ ಕರ್ನಾಟಕದಲ್ಲಿ ಶೇ 9.5 ಇದ್ದರು. ಆರೋಗ್ಯ ಇಲಾಖೆ ವೃದ್ಧರಿಗೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ರೂಪಿಸಿದ್ದು 2010ರಲ್ಲಿ. ಊರುಗೋಲು, ಕನ್ನಡಕ, ಶ್ರವಣ ಸಾಧನ, ಹಲ್ಲಿನ ಸೆಟ್ಟು ಕೊಡುವ ವಯೋಶ್ರೀ ಯೋಜನೆ ಬಂದದ್ದು 2017ರಲ್ಲಿ. ಅಚ್ಚರಿಯೆಂದರೆ ಹಳ್ಳಿಯ ವೃದ್ಧೆಯರ ಓಡಾಟವನ್ನು ಹೆಚ್ಚು ಬದಲಿಸಿದ್ದು ವೃದ್ಧರಿಗಾಗಿ ಮಾಡಿದ ಯೋಜನೆಯೇ ಅಲ್ಲ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ ಉಚಿತವಾದ ಮೇಲೆ, ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಮಗನ ಬಳಿ ಚಾರ್ಜಿನ ದುಡ್ಡು ಕೇಳುವ ಅಗತ್ಯ ಅವರಿಗೆ ಉಳಿಯಲಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಇನ್ನೂ ಅವರ ಮಂಡಿಗೆ ಎಟುಕದಷ್ಟು ಎತ್ತರದಲ್ಲಿದೆ.

ಈ ಎರಡೂ ದಾರಿಗಳು, ಅಂದರೆ ಮಕ್ಕಳ ಹೊಣೆ ಮತ್ತು ಸರ್ಕಾರದ ಹೊಣೆ, ಕೂಡಿದ್ದು 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಲ್ಲಿ. ಉಪವಿಭಾಗ ಮಟ್ಟದಲ್ಲೇ ನ್ಯಾಯಮಂಡಳಿ, ವಕೀಲರಿಲ್ಲದೆ ವಿಚಾರಣೆ, 90 ದಿನಗಳಲ್ಲಿ ತೀರ್ಮಾನ, ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಎಂದು ಅದು ಹೇಳಿತು. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಪೋಷಣೆ ಕೇಳಬಹುದೆಂದಿತು. ಆ ಹತ್ತು ಸಾವಿರದ ಮಿತಿಯನ್ನು ತೆಗೆಯುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಅಂಗೀಕಾರವಾಗದೆ ಬಿದ್ದುಹೋಯಿತು.

ಬೆಳಗಾವಿಯ ಸುದ್ದಿಗೆ ಸಂಬಂಧಿಸಿದ್ದು ಇದೇ ಕಾಯ್ದೆಯ 23ನೇ ಕಲಂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ವಂಚನೆಯಿಂದ ಆದದ್ದೆಂದು ಭಾವಿಸಿ ಅನೂರ್ಜಿತಗೊಳಿಸಬಹುದು. ಇಲ್ಲಿ ಉಯಿಲನ್ನೂ ದಾನಪತ್ರವನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಉಯಿಲನ್ನು ಬರೆದವರು ಬದುಕಿರುವಷ್ಟು ಕಾಲ ಬದಲಿಸಬಹುದು. ದಾನಪತ್ರ ನೋಂದಣಿಯಾಯಿತೆಂದರೆ ಆಸ್ತಿ ಕೈಬಿಟ್ಟಂತೆಯೇ. ಷರತ್ತು ಇತ್ತೆಂದು ಸಾಬೀತಾಗದೆ ಈ ಕಲಂ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾನೂನಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ದಾನಪತ್ರವನ್ನು ರದ್ದುಗೊಳಿಸಿತು. ಕಾಯ್ದೆಯ ಅಂಚು ಇನ್ನೊಂದು ಬದಿಗೂ ತಾಗುತ್ತದೆ: ಬೆಂಗಳೂರಿನ ಪ್ರಕರಣವೊಂದರಲ್ಲಿ ಅತ್ತೆ ಮಾವಂದಿರ ಅರ್ಜಿಯ ಮೇಲೆ ಸೊಸೆಯನ್ನು ಮನೆಯಿಂದ ತೆರವುಗೊಳಿಸಲು ಹೊರಡಿಸಿದ್ದ ಆದೇಶವನ್ನು 2020ರಲ್ಲಿ ಅದೇ ನ್ಯಾಯಾಲಯ ಒಪ್ಪದೆ, ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಜೊತೆಗಿಟ್ಟು ಇದನ್ನು ಓದಬೇಕೆಂದಿತು.

ಹೀಗೆ ಇಡೀ ಇತಿಹಾಸ ಕೊನೆಗೆ ಒಂದು ವಾಕ್ಯಕ್ಕೆ ಬಂದು ನಿಲ್ಲುತ್ತದೆ. ಉಪನೋಂದಣಾಧಿಕಾರಿ ಕಚೇರಿಯ ಎದುರು ಸಿಗುವ ದಾನಪತ್ರದ ಸಿದ್ಧ ನಮೂನೆಗಳಲ್ಲಿ, ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ, ಇನ್ನು ಮುಂದೆ ಇದರಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲ ಎಂಬ ಮಾತು ತಪ್ಪದೆ ಇರುತ್ತದೆ. ನನ್ನನ್ನು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು ಎಂಬ ಸಾಲನ್ನು ಕೇಳಿ ಬರೆಸಬೇಕು. ಕೇಳಬೇಕಾದವರು ಆ ಹೊತ್ತಿನಲ್ಲಿ ತಮ್ಮನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ ಮಗನ ಪಕ್ಕದಲ್ಲೇ, ಬೆಂಚಿನ ಮೇಲೆ ಕುಳಿತಿರುತ್ತಾರೆ.